ಆಡುಮಾತು, ಒಂದು ಪಿಟೀಲು, ಒಂದು ಲ್ಯಾಪ್‌ಟಾಪ್: ಮಾತಿನೊಳಗಿಂದ ಸಂಗೀತ ಕಟ್ಟುವ ಬಗೆ

ಕವಿಗೋಷ್ಠಿಯಲ್ಲಿ ಒಬ್ಬರು ಕವಿತೆ ಓದುತ್ತಾರೆ, ಹಿಂದೆ ಯಾರೋ ಮೆಲ್ಲಗೆ ಕೊಳಲು ನುಡಿಸುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ಆ ಕೊಳಲಿಗೂ ಆ ಮಾತಿಗೂ ಏನು ನಂಟು? ಕವಿತೆ ಬದಲಾದರೂ ಕೊಳಲು ಹಾಗೇ ನಡೆಯುತ್ತದೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ಇದರ ಉಲ್ಟಾ ದಾರಿ. ಮೊದಲು ಮಾತು. ಮಾತಿನ ಏರಿಳಿತದಿಂದ ಸ್ವರ, ಮಾತಿನ ನಡೆಯಿಂದ ಲಯ, ಮಾತಿನ ಸದ್ದಿನಿಂದಲೇ ಎಲೆಕ್ಟ್ರಾನಿಕ್ಸ್, ಅಂದರೆ ಲ್ಯಾಪ್‌ಟಾಪಿನಲ್ಲಿ ತಿದ್ದಿ ಕಟ್ಟಿದ ಸದ್ದು. ವಾದ್ಯ ಮಾತಿನ ಹಿಂದೆ ನಡೆಯಬೇಕು. ಮಾತನ್ನು ವಾದ್ಯಕ್ಕಾಗಿ ಬಗ್ಗಿಸಬಾರದು.

ಈ ದಾರಿಯಲ್ಲಿ ನಡೆದವರು ಹಿಂದೆಯೂ ಇದ್ದಾರೆ. ಚೆಕ್ ಸಂಗೀತಗಾರ ಲಿಯೋಶ್ ಯಾನಾಚೆಕ್ 19ನೇ ಶತಮಾನದ ಕೊನೆಯಿಂದ 1928ರಲ್ಲಿ ತೀರಿಕೊಳ್ಳುವವರೆಗೂ ಜನರ ಮಾತಿನ ಸ್ವರಗಳನ್ನು ಪುಟ್ಟ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅದಕ್ಕೆ ಅವರು ನೆಚ್ಚಿದ್ದು ರೆಕಾರ್ಡರನ್ನಲ್ಲ, ಕಿವಿಯನ್ನು. ಅಮೆರಿಕದ ಸಂಗೀತಗಾರ ಸ್ಟೀವ್ ರೈಕ್ 1988ರಲ್ಲಿ ನಾಲ್ಕು ತಂತಿವಾದ್ಯಗಳ ತಂಡ ಕ್ರೋನೋಸ್ ಕ್ವಾರ್ಟೆಟ್‌ಗಾಗಿ ‘ಡಿಫರೆಂಟ್ ಟ್ರೇನ್ಸ್’ ಬರೆದಾಗ ರೆಕಾರ್ಡರ್ ಮಾತ್ರವಲ್ಲ, ಧ್ವನಿಯ ತುಣುಕುಗಳನ್ನು ಇಟ್ಟುಕೊಂಡು ಬೇಕಾದಾಗ ನುಡಿಸುವ ಸ್ಯಾಂಪ್ಲರ್ ಕೂಡ ಇತ್ತು. ತನ್ನನ್ನು ಸಾಕಿದ ಆಯಾ, ರೈಲಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬರು, ನಾಜಿಗಳ ಕೈಯಿಂದ ಉಳಿದು ಬಂದವರು, ಇವರೆಲ್ಲರ ಮಾತಿನ ತುಣುಕುಗಳು ಅದರಲ್ಲಿವೆ. ಹೆಂಗಸರ ಮಾತಿನ ಏರಿಳಿತವನ್ನು ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುತ್ತದೆ, ಗಂಡಸರದ್ದನ್ನು ಇನ್ನೂ ದೊಡ್ಡದಾದ ಚೆಲ್ಲೋ. ಹೊಸ ತುಣುಕು ಬಂದಾಗ ಅದಕ್ಕೆ ತಕ್ಕಂತೆ ವೇಗ ಬದಲಾಗುತ್ತದೆ. ನಾವು ಕಟ್ಟುವ ಕೃತಿಯ ಎಲುಬುಗೂಡೂ ಹೆಚ್ಚು ಕಡಿಮೆ ಇದೇ.

ಏನೇನು ಬೇಕು

ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕು, ವಾದ್ಯಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಎರಡು ಸ್ಪೀಕರ್. ವಾದ್ಯ ಒಂದೇ ಸಾಕು. ಮೊದಲ ಸಲಕ್ಕೆ ಪಿಟೀಲು ಅತಿ ಸುಲಭ, ಯಾಕೆ ಅನ್ನುವುದು ಮುಂದೆ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಕತ್ತರಿಸಲು ಆಡಾಸಿಟಿ, ಪಿಚ್ (ಸ್ವರದ ಎತ್ತರ) ನೋಡಲು ಪ್ರಾಟ್, ಲೈವ್ ಆಗಿ ನಡೆಸಲು ಪ್ಯೂರ್ ಡೇಟಾ. ಮೂರೂ ಉಚಿತ. ಪ್ಯೂರ್ ಡೇಟಾ ಕಷ್ಟ ಅನಿಸಿದರೆ ರೀಪರ್ ಅಥವಾ ಏಬಲ್‌ಟನ್ ಲೈವ್ ಬಳಸಿ. ಸಾಮಾನು ಕೂಡಿಸುವುದರಲ್ಲೇ ವರ್ಷ ಕಳೆಯುವವರಿದ್ದಾರೆ. ಅದು ಬೇಡ.

ಮಾತು ಹಿಡಿಯುವುದು

ಓದಿಸಬೇಡಿ, ಮಾತಾಡಿಸಿ. ಹಾಳೆ ನೋಡಿ ಓದುವಾಗ ಎಂಥವರ ದನಿಯೂ ಸಪಾಟಾಗುತ್ತದೆ. ಪ್ರತಿ ವಾಕ್ಯವೂ ಒಂದೇ ಥರ ಇಳಿಯುತ್ತದೆ. ‘ಏನಾದ್ರೂ ಹೇಳಿ’ ಅಂದರೂ ಕೆಲಸ ಆಗುವುದಿಲ್ಲ. ನಿಮ್ಮಜ್ಜಿಯನ್ನೇ ಕೂರಿಸಿಕೊಂಡು ‘ನೀವು ಚಿಕ್ಕವರಿದ್ದಾಗ ಮಳೆಗಾಲ ಹೇಗಿತ್ತು?’ ಎಂದು ಕೇಳಿ. ಜಗಳ, ಮದುವೆ, ಊಟ, ಮಳೆ, ಬಸ್ಸು ತಪ್ಪಿದ್ದು, ಇಂಥವು ಬಂದಾಗ ದನಿ ತಾನಾಗಿಯೇ ಹತ್ತಿ ಇಳಿಯುತ್ತದೆ.

ನಮ್ಮಲ್ಲಿ ಒಂದು ಅಭ್ಯಾಸವಿದೆ. ಯಾರು ಏನು ಹೇಳಿದರೂ ನಡುನಡುವೆ ಹೂಂಗುಟ್ಟುತ್ತೇವೆ. ಅದು ಪ್ರೀತಿಯೇ. ಆದರೆ ನಿಮ್ಮ ‘ಹೂಂ’ ಅಜ್ಜಿಯ ಒಳ್ಳೆಯ ವಾಕ್ಯದ ಬಾಲಕ್ಕೆ ಅಂಟಿಕೊಂಡರೆ ಕತ್ತರಿಸಲು ಬರುವುದಿಲ್ಲ. ತಲೆ ಆಡಿಸಿ, ಬಾಯಿ ಬಿಡಬೇಡಿ. ಫ್ಯಾನ್ ಆರಿಸಿ, ಕುಕ್ಕರ್ ಇಳಿಯುವವರೆಗೆ ಕಾಯಿರಿ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇರಲಿ. ನೇರ ಎದುರಿಗಿದ್ದರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಅತಿ ಜೋರಿನ ಮಾತು ಮೀಟರಿನಲ್ಲಿ ಮೈನಸ್ 12 ಡಿಬಿ ದಾಟದಿರಲಿ. ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಿ. ತುಣುಕು ಜೋಡಿಸುವಾಗ ನಡುವಿನ ಸಂದು ಮುಚ್ಚಲು ಅದೇ ಬೇಕು.

ಒಪ್ಪಿಗೆ ಕೇಳುವುದು ಇಲ್ಲಿಯೇ, ಆಮೇಲೆ ಅಲ್ಲ. ‘ನಿಮ್ಮ ಮಾತನ್ನು ಕತ್ತರಿಸ್ತೀನಿ, ಮತ್ತೆ ಮತ್ತೆ ಹಾಕ್ತೀನಿ, ಜನರ ಮುಂದೆ ಕೇಳಿಸ್ತೀನಿ’ ಎಂದು ಬಿಡಿಸಿ ಹೇಳಿ. ಸುಮ್ನೆ ‘ರೆಕಾರ್ಡ್ ಮಾಡ್ಲಾ?’ ಅಂದರೆ ಅದು ಇದಕ್ಕೆಲ್ಲ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಮುಗಿದ ಮೇಲೆ ಮೊದಲು ಅವರಿಗೇ ಕೇಳಿಸಿ. ಬೇಡ ಅಂದರೆ ಬಿಡಿ.

ತುಣುಕು ಆರಿಸುವುದು

ಒಂದು ಗಂಟೆಯ ಮಾತಿನಲ್ಲಿ ಬೇಕಾದ ತುಣುಕುಗಳು ಸಿಗುವುದು ಬೆರಳೆಣಿಕೆಯಷ್ಟು. ಅರ್ಥಕ್ಕೆ ಮರುಳಾಗಬೇಡಿ. ತುಂಬಾ ಆಳವಾದ ಮಾತು ಒಂದೇ ಎತ್ತರದಲ್ಲಿ ಗೊಣಗಿದಂತೆ ಬಂದಿರಬಹುದು. ‘ಅಯ್ಯೋ ಬಿಡಪ್ಪ’ ಅನ್ನುವ ಮೂರು ಕಾಸಿನ ಮಾತಿನಲ್ಲಿ ಒಳ್ಳೆಯ ರಾಗ ಇರಬಹುದು. ಒಂದರಿಂದ ಮೂರು ಸೆಕೆಂಡಿನ ತುಣುಕು ಅನುಕೂಲ. ಮುಂದೊಂದು ಉಸಿರು ಇದ್ದರೆ ಅದನ್ನೂ ಸೇರಿಸಿಯೇ ಕತ್ತರಿಸಿ.

ಆರಿಸಿದ್ದು ಸರಿಯೋ ಎಂದು ನೋಡಲು ಒಂದು ನಂಬಲರ್ಹ ಪರೀಕ್ಷೆ ಇದೆ. ತುಣುಕನ್ನು ಲೂಪ್ ಹಾಕಿ ಸುಮ್ಮನೆ ಕೇಳಿ. ಹತ್ತು ಸಲ ತಿರುಗುವಷ್ಟರಲ್ಲಿ ಕೆಲವು ಮಾತು ಹಾಡಿದಂತೆ ಕೇಳತೊಡಗುತ್ತವೆ. ಮನೋವಿಜ್ಞಾನಿ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಧ್ವನಿ ಮುದ್ರಣವನ್ನು ತಿದ್ದುವಾಗ ಇದನ್ನು ಗಮನಿಸಿದರು. ಧ್ವನಿಯಲ್ಲಿ ಏನೂ ಬದಲಾಗಿರುವುದಿಲ್ಲ, ಕೇಳುವ ಕಿವಿ ಮಾತ್ರ ಬೇರೆಯಾಗಿರುತ್ತದೆ. ಹಾಡಾಗುವ ತುಣುಕು ಇಟ್ಟುಕೊಳ್ಳಿ. ಇಪ್ಪತ್ತು ಸಲ ಕೇಳಿದರೂ ಬರೀ ಮಾತಾಗಿಯೇ ಉಳಿಯುವುದನ್ನು ಬೇರೆ ಫೋಲ್ಡರಿಗೆ ಹಾಕಿ. ಕಥೆ ಹೇಳಲು ಅವೂ ಬೇಕಾಗುತ್ತವೆ.

ಇನ್ನು ಮುಂದೆ ಉದಾಹರಣೆಗೆ ಒಂದೇ ತುಣುಕು ಹಿಡಿದುಕೊಳ್ಳೋಣ: ‘ಆವಾಗ ಮಳೆ ಅಂದ್ರೆ ಮಳೆ.’ ಒಂದೇ ಪದ ಎರಡು ಸಲ, ಎರಡು ಬೇರೆ ಎತ್ತರದಲ್ಲಿ. ಇದಕ್ಕಿಂತ ಹೆಚ್ಚು ಏನು ಬೇಕು?

ಮಾತಿನ ಸ್ವರ ಹುಡುಕುವುದು

ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದು. ಇಲ್ಲಿ ಅವಸರ ಮಾಡಿದರೆ ಕೊನೆಗೆ ಸಿಗುವುದು ಮತ್ತದೇ ಕೊಳಲು ಹಿನ್ನೆಲೆಯ ಕವಿತೆ.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ ಪ್ರಾಟ್ ತಂತ್ರಾಂಶವನ್ನು ಭಾಷಾಶಾಸ್ತ್ರದವರು ದಿನವೂ ಬಳಸುತ್ತಾರೆ. ತುಣುಕನ್ನು ಅದರಲ್ಲಿ ತೆರೆದರೆ ಪಿಚ್ ಒಂದು ಗೆರೆಯಾಗಿ ಕಾಣುತ್ತದೆ. ಹೆಣ್ಣು ದನಿಗೆ ವ್ಯಾಪ್ತಿಯನ್ನು 100ರಿಂದ 500 ಹರ್ಟ್ಸ್ ಇಡಿ, ಗಂಡು ದನಿಗೆ 75ರಿಂದ 300. ಗೆರೆ ಒಮ್ಮೆಲೇ ದುಪ್ಪಟ್ಟಿಗೆ ಹಾರಿದರೆ ಅಥವಾ ಅರ್ಧಕ್ಕೆ ಬಿದ್ದರೆ ನಂಬಬೇಡಿ. ಅದು ಸಾಮಾನ್ಯವಾಗಿ ಲೆಕ್ಕದ ತಪ್ಪು. ವಯಸ್ಸಾದವರ ದನಿಯಲ್ಲಿ ವಾಕ್ಯದ ಕೊನೆ ಗರಗರ ಅನ್ನುವ ಕಡೆ ಇದು ಹೆಚ್ಚು. ಗೆರೆಯ ಮೇಲೆ ಕ್ಲಿಕ್ ಮಾಡುತ್ತಾ ಪ್ರತಿ ಅಕ್ಷರದ ನಡುಭಾಗದ ಅಂಕಿ ಬರೆದುಕೊಳ್ಳಿ. ನಮ್ಮ ತುಣುಕಿನಲ್ಲಿ ಮೊದಲ ‘ಮಳೆ’ 220 ಹರ್ಟ್ಸ್ ಹತ್ತಿರ, ಕೊನೆಯದು 165ರ ಹತ್ತಿರ ಇದೆ ಅಂದುಕೊಳ್ಳಿ. 220ಕ್ಕೂ 165ಕ್ಕೂ ಇರುವ ಅನುಪಾತ ನಾಲ್ಕಕ್ಕೆ ಮೂರು. ಅಂದರೆ ಷಡ್ಜದಿಂದ ಕೆಳಗಿನ ಪಂಚಮಕ್ಕೆ ಇಳಿದಂತೆ. ಅಜ್ಜಿ ತನಗೇ ಗೊತ್ತಿಲ್ಲದೆ ಸ ಮುಟ್ಟಿ ಪ ದಲ್ಲಿ ನಿಂತಿದ್ದಾರೆ.

ಅಂಕಿ ಸಿಕ್ಕಿತು ಎಂದು ನೇರವಾಗಿ ವಾದ್ಯದವರಿಗೆ ಕೊಡಬೇಡಿ. ತುಣುಕನ್ನು ಪಿಚ್ ಬದಲಾಗದಂತೆ ಅರ್ಧ ವೇಗಕ್ಕೆ ಇಳಿಸಿ, ಜೊತೆಗೆ ನೀವೇ ಗುನುಗಿ. ಆಮೇಲೆ ಪದ ಬಿಟ್ಟು ಬರೀ ‘ನ ನ ನ’ ಎಂದು ಪೂರ್ತಿ ವೇಗದಲ್ಲಿ ಗುನುಗಿ. ಬಾಯಲ್ಲಿ ಬಂದರೆ ವಾದ್ಯದಲ್ಲೂ ಬರುತ್ತದೆ.

ಮಾತಿನಲ್ಲಿ ಸ್ವರ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ. ಪಿಟೀಲನ್ನು ಮೊದಲು ಹೇಳಿದ್ದು ಇದಕ್ಕೇ. ತಂತಿಯ ಮೇಲೆ ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಅದರಲ್ಲೂ ಕರ್ನಾಟಕ ಸಂಗೀತದ ಪಿಟೀಲಿನವರಿಗೆ ಹಾಡುವವರ ನೆರಳಿನಂತೆ ಹಿಂಬಾಲಿಸಿ ರೂಢಿ. ಆಲಾಪನೆಯಲ್ಲಿ ಅವರು ಮಾಡುವುದು ಅದನ್ನೇ. ಗಾಯಕರ ಜಾಗಕ್ಕೆ ಅಜ್ಜಿ ಬಂದಿದ್ದಾರೆ ಅಷ್ಟೇ. ವೀಣೆಯಲ್ಲಿ ತಂತಿ ಎಳೆದು ಜಾರಿಸಬಹುದು, ಗೋಟುವಾದ್ಯವಂತೂ ಈ ಕೆಲಸಕ್ಕೇ ಹುಟ್ಟಿದಂತಿದೆ. ಹಾರ್ಮೋನಿಯಂ, ಕೀಬೋರ್ಡ್ ತೊಂದರೆ ಕೊಡುತ್ತವೆ. ಮಾತಿನ ಸ್ವರ ಎರಡು ಕೀಗಳ ನಡುವಿನ ಸಂದಿಯಲ್ಲಿ ಬಿದ್ದಿರುತ್ತದೆ. ಹಾಗೆಂದು ಮಾತನ್ನೇ ಕೀಗೆ ಸರಿಹೊಂದಿಸಲು ಆಟೋ ಟ್ಯೂನ್ ಹಾಕಿದರೆ ಅಜ್ಜಿ ಹೋಗಿ ರೋಬೋ ಬಂದು ಕೂರುತ್ತದೆ.

ಶ್ರುತಿಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಪಿಟೀಲಾದರೆ ತಂತಿಯನ್ನೇ ಮಾತಿನ ಶ್ರುತಿಗೆ ಕೂಡಿಸಿ. ಕೊಳಲಾದರೆ ಆಗದು, ಮಾತನ್ನೇ ಸ್ವಲ್ಪ ಸರಿಸಬೇಕು. ಕೀಬೋರ್ಡಿನ ಒಂದು ಕೀಯಷ್ಟು ಮೇಲೆ ಕೆಳಗೆ ಮಾಡಿದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಅದಕ್ಕಿಂತ ದೂರ ಹೋದಷ್ಟೂ ದನಿ ಬೇರೆ ಯಾರದ್ದೋ ಅನಿಸತೊಡಗುತ್ತದೆ.

ನಡೆ ಅಳೆಯುವುದು

ಶಾಲೆಯಲ್ಲಿ ಕಲಿತ ಲಘು ಗುರು ಈಗ ಕೆಲಸಕ್ಕೆ ಬರುತ್ತದೆ. ‘ಆವಾಗ ಮಳೆ ಅಂದ್ರೆ ಮಳೆ’: ಆ, ವಾ ಎರಡೂ ಗುರು, ಗ ಲಘು, ಮ ಳೆ ಲಘು, ಅಂ ಗುರು, ದ್ರೆ ಲಘು, ಮ ಳೆ ಲಘು. ಒಟ್ಟು 12 ಮಾತ್ರೆ. ತುಣುಕಿನ ಉದ್ದ 2.4 ಸೆಕೆಂಡ್ ಇದ್ದರೆ ಒಂದು ಮಾತ್ರೆಗೆ 0.2 ಸೆಕೆಂಡ್. ಮೂರು ಮಾತ್ರೆ ಸೇರಿಸಿ ಒಂದು ಏಟು ಎಂದುಕೊಂಡರೆ ನಾಲ್ಕು ಏಟು, ಏಟಿಗೆ 0.6 ಸೆಕೆಂಡ್. 60ನ್ನು 0.6ರಿಂದ ಭಾಗಿಸಿ: ನಿಮಿಷಕ್ಕೆ 100 ಏಟು. ಸಾಫ್ಟ್‌ವೇರಿನ ವೇಗದ ಪೆಟ್ಟಿಗೆಯಲ್ಲಿ ಈ 100 ಬರೆಯಿರಿ. ನಾಲ್ಕು ಏಟಿನ ಚತುರಶ್ರ ತಾಳದಲ್ಲಿ ಏಟಿಗೆ ಮೂರು ಮಾತ್ರೆಯ ತಿಶ್ರ ನಡೆ ಸಿಕ್ಕಿತು.

ಆದರೆ ಯಾರೂ ಛಂದಸ್ಸಿನ ಪುಸ್ತಕದಂತೆ ಮಾತಾಡುವುದಿಲ್ಲ. ಅಜ್ಜಿ ಕೊನೆಯ ‘ಮಳೆ’ಯನ್ನು ಎಳೆದಿರುತ್ತಾರೆ, ‘ಅಂದ್ರೆ’ಯನ್ನು ನುಂಗಿರುತ್ತಾರೆ. ಲೆಕ್ಕಕ್ಕೂ ಮಾತಿಗೂ ಇರುವ ಈ ವ್ಯತ್ಯಾಸದಲ್ಲೇ ಸ್ವಾರಸ್ಯ ಇದೆ, ಅದನ್ನು ಸರಿಪಡಿಸಬೇಡಿ. ಮೃದಂಗದವರು ಜೊತೆಗಿದ್ದರೆ ಅವರ ಕೈ ತಾನಾಗಿಯೇ ಮಾತನ್ನು ತಾಳಕ್ಕೆ ಎಳೆಯುತ್ತದೆ. ಮೊದಲ ದಿನ ಅವರಿಂದ ಮೃದಂಗ ಮುಟ್ಟಿಸಬೇಡಿ. ಮಾತು ಎಲ್ಲಿ ತಡೆಯುತ್ತದೋ ಅಲ್ಲೇ ತಡೆದು, ಎಲ್ಲಿ ಓಡುತ್ತದೋ ಅಲ್ಲೇ ಓಡಿ, ಕೊನ್ನಕೋಲಿನಲ್ಲಿ, ಅಂದರೆ ಮೃದಂಗದ ಸೊಲ್ಲುಗಳಲ್ಲಿ, ಬಾಯಿಂದ ಹೇಳಿಸಿ. ಬಾಯಿಗೆ ಕೂತ ಮೇಲೆ ಕೈಗೆ ಹೋಗಲಿ.

ವಾದ್ಯಕ್ಕೆ ಏನು ಕೊಡಬೇಕು

ಮೊದಲು ಪೂರಾ ನೆರಳು. ಮಾತು ಮತ್ತು ಪಿಟೀಲು ಒಟ್ಟಿಗೆ, ಅದೇ ಸ್ವರ, ಅದೇ ಜಾರು. ಇದೇ ಐದು ನಿಮಿಷ ನಡೆದರೆ ಬೇಜಾರು. ನೆರಳು ಗಟ್ಟಿಯಾದ ಮೇಲೆ ಪಿಟೀಲು ಮಾತಿಗಿಂತ ಒಂದು ಏಟು ಮುಂಚೆ ಬರಲಿ. ಮಾತು ಬರುವ ಮೊದಲೇ ಅದರ ರಾಗ ಕೇಳಿಸಿರುತ್ತದೆ. ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಮಾಡಿ ನೋಡಿ. ಆಮೇಲೆ ಮಾತನ್ನೇ ತೆಗೆದು ಪಿಟೀಲೊಂದನ್ನೇ ಬಿಡಿ. ಕೇಳುವವರು ತಮ್ಮ ತಲೆಯಲ್ಲೇ ‘ಮಳೆ ಅಂದ್ರೆ ಮಳೆ’ ಎಂದು ಹೇಳಿಕೊಳ್ಳುತ್ತಾರೆ. ಅಷ್ಟಾದ ಮೇಲೆ ಆ ನಾಲ್ಕೈದು ಸ್ವರಗಳನ್ನು ಹಿಡಿದು ನುಡಿಸುವವರು ಮನೋಧರ್ಮಕ್ಕೆ, ಅಂದರೆ ಆಗಿಂದಾಗಲೇ ಕಟ್ಟಿ ನುಡಿಸುವುದಕ್ಕೆ, ಇಳಿಯಬಹುದು. ರಾಗ ಯಾವುದು ಎಂದು ಕೇಳಿದರೆ ಹೆಸರು ಹೇಳಬೇಡಿ. ಹೆಸರು ಹೇಳಿದ ಕೂಡಲೇ ಆ ರಾಗದ ಹತ್ತಾರು ಸಂಚಾರ ಬಂದು ಮಾತನ್ನು ತಳ್ಳಿಬಿಡುತ್ತವೆ.

ಎಲೆಕ್ಟ್ರಾನಿಕ್ಸ್: ಎರಡು ಮೂರು ಉಪಾಯ, ಅಷ್ಟು ಸಾಕು

ಸದ್ದನ್ನು ಬದಲಿಸುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಪುಟ್ಟ ಸಾಧನ) ನೂರಾರಿವೆ. ಒಂದು ಕೃತಿಗೆ ಎರಡು, ಹೆಚ್ಚೆಂದರೆ ಮೂರು.

ಮೊದಲನೆಯದು ಜಾರುವ ಲೂಪ್. ಅದೇ ತುಣುಕಿನ ಎರಡು ಲೂಪ್ ಮಾಡಿ. ಒಂದರ ಉದ್ದ 2.4 ಸೆಕೆಂಡ್. ಇನ್ನೊಂದರ ಕೊನೆಗೆ ಕೋಣೆಯ ಮೌನ ಸೇರಿಸಿ 2.45 ಮಾಡಿ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟು ಒಟ್ಟಿಗೆ ಬಿಡಿ. ಪ್ರತಿ ಸುತ್ತಿಗೆ 50 ಮಿಲಿಸೆಕೆಂಡ್ ದೂರವಾಗುತ್ತವೆ. ಮೊದಲು ಪ್ರತಿಧ್ವನಿಯಂತೆ ಕೇಳುತ್ತದೆ. ನಾಲ್ಕು ಸುತ್ತಿಗೆ ಒಂದು ಮಾತ್ರೆ ಹಿಂದೆ ಬಿದ್ದು, ಇಬ್ಬರು ಒಂದೇ ಮಾತು ಹೇಳುತ್ತಾ ಒಬ್ಬರನ್ನೊಬ್ಬರು ಹಿಂಬಾಲಿಸಿದಂತಾಗುತ್ತದೆ. ನಡುವಿನಲ್ಲಿ ಪದಗಳು ಕಲಸಿ ಬರೀ ತಾಳ ಉಳಿಯುತ್ತದೆ. ಚಿಕ್ಕ ಲೂಪ್ 49 ಸಲ, ದೊಡ್ಡದು 48 ಸಲ ತಿರುಗಿದಾಗ, ಅಂದರೆ 117.6 ಸೆಕೆಂಡಿಗೆ, ಎರಡೂ ಮತ್ತೆ ಕೂಡುತ್ತವೆ. ಈ ಎರಡು ನಿಮಿಷದಲ್ಲಿ ಪಿಟೀಲು ಹೊಸದಾಗಿ ಏನೂ ಮಾಡಬೇಕಿಲ್ಲ. ಎರಡು ಲೂಪ್‌ಗಳ ನಡುವೆ ಕೇಳಿಬರುವ ಹೊಸ ಸ್ವರಜೋಡಿಗಳನ್ನು ಹೆಕ್ಕಿ ನುಡಿಸಿದರೆ ಸಾಕು.

ಎರಡನೆಯದು ಎಳೆದು ನಿಲ್ಲಿಸುವುದು. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಉ, ಎ ಥರದ ಎಳೆಯಬಹುದಾದ ಸದ್ದಿನಲ್ಲೇ ಮುಗಿಯುತ್ತವೆ. ಈ ಕೆಲಸಕ್ಕೆ ಇದೊಂದು ವರ. ‘ಮಳೆ’ಯ ಕೊನೆಯ ಎಕಾರದಲ್ಲಿ ಪಿಚ್ ಅಲುಗದ 80 ಮಿಲಿಸೆಕೆಂಡ್ ಹುಡುಕಿ, ಅಂಚುಗಳನ್ನು ಒಂದರ ಮೇಲೊಂದು ಕರಗಿಸಿ ಲೂಪ್ ಹಾಕಿ. ಗ್ರಾನ್ಯುಲರ್ ಅಥವಾ ಫ್ರೀಜ್ ಎಂಬ ಹೆಸರಿನ ಸಾಧನಗಳು ಇದನ್ನೇ ಇನ್ನೂ ನಯವಾಗಿ ಮಾಡುತ್ತವೆ. ಅಜ್ಜಿಯ ದನಿಯೇ ಶ್ರುತಿಯಾಯಿತು. ಅದರ ಮೇಲೆ ಪಿಟೀಲು ನುಡಿಸಿ. ತಂಬೂರಿ ಆ್ಯಪ್ ಆರಿಸಿಬಿಡಿ.

ಮೂರನೆಯದು ವೋಕೋಡರ್. ಇದರಲ್ಲಿ ಮಾತಿನ ಆಕಾರವನ್ನು ವಾದ್ಯದ ಸದ್ದಿಗೆ ತೊಡಿಸಿ, ವಾದ್ಯವೇ ಮಾತಾಡುವಂತೆ ಮಾಡಬಹುದು. ವಾದ್ಯದ ಸದ್ದು ಸಮೃದ್ಧವಾಗಿರಬೇಕು. ಕೊಳಲಿನಲ್ಲಿ ಮೇಲಿನ ಕಂಪನಗಳು ಕಡಿಮೆ, ಆದ್ದರಿಂದ ಪದ ಹುಟ್ಟುವುದಿಲ್ಲ. ಪಿಟೀಲು ಪರವಾಗಿಲ್ಲ. ಜೀವಾಳ (ತಂತಿಯ ಕೆಳಗಿಡುವ ನೂಲು) ಚೆನ್ನಾಗಿ ಕೂಡಿಸಿದ ನಿಜವಾದ ತಂಬೂರಿ ಎಲ್ಲಕ್ಕಿಂತ ಮೇಲು. ಸದ್ದನ್ನು 16ರಿಂದ 20 ಬ್ಯಾಂಡ್‌ಗಳಾಗಿ (ಪಟ್ಟಿಗಳಾಗಿ) ಹಂಚಿದರೆ ಮಾತು ತಿಳಿಯುತ್ತದೆ. ಸ, ಶ, ಚ ಮಾತ್ರ ಕಾಣೆಯಾಗುತ್ತವೆ. ಅದಕ್ಕೆ ಮೂಲ ಮಾತಿನ 5 ಕಿಲೋಹರ್ಟ್ಸ್ ಮೇಲಿನ ಭಾಗವನ್ನು ಚೂರು ಬೆರೆಸಿ.

ಯಂತ್ರದ ಕೆಲಸ ಕಡಿಮೆ ಸಾಕು ಅನ್ನುವವರಿಗೆ ಅಮೆರಿಕದ ಸಂಗೀತಗಾರ ಆಲ್ವಿನ್ ಲೂಸಿಯರ್ 1969ರಲ್ಲಿ ಮಾಡಿ ತೋರಿಸಿದ ದಾರಿ ಇದೆ. ಮಾತನ್ನು ಕೋಣೆಯಲ್ಲಿ ಸ್ಪೀಕರ್‌ನಿಂದ ಬಿಡುವುದು, ಅದನ್ನು ಅದೇ ಕೋಣೆಯಲ್ಲಿ ರೆಕಾರ್ಡ್ ಮಾಡುವುದು, ಆ ರೆಕಾರ್ಡಿಂಗನ್ನು ಮತ್ತೆ ಬಿಡುವುದು. ಪ್ರತಿ ಸುತ್ತಿನಲ್ಲಿ ಕೋಣೆ ತನಗೆ ಬೇಕಾದ ಸ್ವರಗಳನ್ನು ಉಬ್ಬಿಸಿ, ಉಳಿದದ್ದನ್ನು ತಿಂದುಬಿಡುತ್ತದೆ. ಕೊನೆಗೆ ಮಾತು ಹೋಗಿ ಗಂಟೆಯಂಥ ನಾದ ಉಳಿಯುತ್ತದೆ. ಟೈಲ್ಸ್ ಹಾಕಿದ ಬಚ್ಚಲಲ್ಲಿ ಇದು ಬೇಗ ಆಗುತ್ತದೆ, ಹಾಸಿಗೆ ಪರದೆ ತುಂಬಿದ ಕೋಣೆಯಲ್ಲಿ ನಿಧಾನ.

ಎಲ್ಲಿ ತಿಳಿಯಬೇಕು, ಎಲ್ಲಿ ಬೇಡ

ಈ ಬಗೆಯ ಬಹಳಷ್ಟು ಕೃತಿಗಳು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. ಮಾತು ಅರ್ಧಂಬರ್ಧ ಕೇಳುತ್ತದೆ, ಕೇಳುವವರು ‘ಏನಂದ್ರು?’ ಎಂದು ಹಣೆ ಗಂಟಿಕ್ಕುತ್ತಾರೆ, ಸಂಗೀತ ಕೈತಪ್ಪುತ್ತದೆ. ಆದ್ದರಿಂದ ಕೃತಿಯ ಪ್ರತಿ ಭಾಗಕ್ಕೂ ಮೊದಲೇ ತೀರ್ಮಾನ ಬೇಕು: ಇಲ್ಲಿ ಪ್ರತಿ ಪದವೂ ತಿಳಿಯಬೇಕು, ಅಥವಾ ಇಲ್ಲಿ ಒಂದೂ ತಿಳಿಯಬೇಕಿಲ್ಲ. ನಡುವಿನ ಸ್ಥಿತಿಯಲ್ಲಿ ತುಂಬಾ ಹೊತ್ತು ನಿಲ್ಲಬೇಡಿ.

ಪ್ರತಿ ತುಣುಕನ್ನೂ ಒಮ್ಮೆ ಬರಿದಾಗಿ, ಏನೂ ಇಲ್ಲದೆ ಕೇಳಿಸಿ. ಒಮ್ಮೆ ಸರಿಯಾಗಿ ಕೇಳಿದ ಮಾತನ್ನು ಎಷ್ಟು ಕಲಸಿದರೂ ಕಿವಿ ಗುರುತು ಹಿಡಿಯುತ್ತದೆ. ಮೊದಲೇ ಕಲಸಿ ಕೊಟ್ಟರೆ ಹಿಡಿಯದು. ಪದ ತಿಳಿಯಬೇಕಾದ ಕಡೆ ಪಿಟೀಲಿನ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು 3 ಡಿಬಿ ತಗ್ಗಿಸಿ. ವ್ಯಂಜನಗಳನ್ನು ಕಿವಿ ಗುರುತಿಸುವುದು ಹೆಚ್ಚಾಗಿ ಆ ಜಾಗದಲ್ಲಿ. ಕೃತಿ ತಯಾರಾದ ಮೇಲೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಕೇಳಿದ ಮಾತುಗಳನ್ನು ಬರೆಯಲು ಹೇಳಿ. ನೀವೇ ಪರೀಕ್ಷಿಸಿದರೆ ಉಪಯೋಗವಿಲ್ಲ, ನಿಮಗೆ ಆ ಮಾತೆಲ್ಲ ಬಾಯಿಪಾಠ ಆಗಿರುತ್ತದೆ.

ಉದ್ದ ಏಳೆಂಟು ನಿಮಿಷ ಸಾಕು.

ಬರಹ ಮತ್ತು ತಾಲೀಮು

ಅಡ್ಡ ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೇಲೆ ಮಾತು, ಅಕ್ಷರದ ಮೇಲೆ ಲಘು ಗುರು ಗುರುತಿನೊಂದಿಗೆ. ನಡುವೆ ಸ್ವರ, ಜಾರಿಗೆ ಓರೆ ಗೆರೆ. ಕೆಳಗೆ ಲ್ಯಾಪ್‌ಟಾಪಿನವರು ಯಾವಾಗ ಏನು ಒತ್ತಬೇಕು ಅನ್ನುವುದು. ಪಾಶ್ಚಾತ್ಯ ನೊಟೇಶನ್ ಬಂದರೆ ಒಳ್ಳೆಯದು, ಬಾರದಿದ್ದರೆ ಏನೂ ನಷ್ಟವಿಲ್ಲ.

ಮಾತನ್ನು ಒಂದೇ ಉದ್ದದ ಟ್ರ್ಯಾಕ್ ಮಾಡಿ, ನುಡಿಸುವವರು ಹೆಡ್‌ಫೋನಿನಲ್ಲಿ ಏಟು ಕೇಳುತ್ತಾ ಅದಕ್ಕೆ ಕೂಡಿಕೊಳ್ಳುವುದು ಒಂದು ಪದ್ಧತಿ. ಪ್ರತಿ ತುಣುಕನ್ನೂ ಒಂದೊಂದು ಪ್ಯಾಡಿಗೆ ಹಾಕಿ, ನುಡಿಸುವವರನ್ನು ನೋಡುತ್ತಾ ಕೈಯಿಂದ ಒತ್ತುವುದು ಇನ್ನೊಂದು. ಮನೋಧರ್ಮಕ್ಕೆ ಜಾಗ ಬೇಕಿದ್ದರೆ ಎರಡನೆಯದೇ ಸರಿ. ಲ್ಯಾಪ್‌ಟಾಪಿನವರೂ ಆಗ ಪಕ್ಕವಾದ್ಯದವರಾಗುತ್ತಾರೆ, ಎದುರುಬದುರು ಕೂರಬೇಕಾಗುತ್ತದೆ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಸಿಕೊಂಡು ಕಳಿಸುವ ಸದ್ದಿನ ತುಂಡು) 128 ಸ್ಯಾಂಪಲ್ ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್ ತಡ, ಸದ್ದು ಗಾಳಿಯಲ್ಲಿ ಒಂದು ಮೀಟರ್ ದಾಟುವಷ್ಟು ಹೊತ್ತೂ ಅಲ್ಲ. 1024 ಇಟ್ಟರೆ 21 ಮಿಲಿಸೆಕೆಂಡ್, ಪಿಟೀಲಿನವರ ಬಿಲ್ಲು ತಡವರಿಸತೊಡಗುತ್ತದೆ.

ವೇದಿಕೆಯ ದಿನ

ಮಾತಿಗೆ ನಡುವೆ ಒಂದು ಪ್ರತ್ಯೇಕ ಸ್ಪೀಕರ್ ಸಿಕ್ಕರೆ ಅದೃಷ್ಟ. ಎಲೆಕ್ಟ್ರಾನಿಕ್ಸ್ ಎರಡು ಬದಿಗೆ, ಪಿಟೀಲು ಅದು ಕೂತಿರುವ ಕಡೆಯಿಂದಲೇ ಕೇಳಲಿ. ವಾದ್ಯಕ್ಕೆ ಎದುರಿನ ಮೈಕ್‌ಗಿಂತ ಅಂಟಿಸುವ ಪಿಕಪ್ ವಾಸಿ. ಇಲ್ಲದಿದ್ದರೆ ಸ್ಪೀಕರಿನ ಮಾತು ಮತ್ತೆ ಮೈಕಿಗೆ ಹೋಗಿ ಕುಯ್ ಅನ್ನುತ್ತದೆ. ಮೈಕ್ ಸೆಟ್‌ನವರ ಹತ್ತಿರ ಮೊದಲೇ ಹೋಗಿ ಮಾತಾಡಿ. ಮಾತು ಅಂದ ತಕ್ಷಣ ಎಕೋ ಹಾಕಿ ಬೇಸ್ ಏರಿಸುವುದು ಅವರಿಗೆ ರೂಢಿ. ಎರಡನ್ನೂ ಸೊನ್ನೆಗೆ ಇಳಿಸಲು ಹೇಳಿ, 80 ಹರ್ಟ್ಸ್ ಕೆಳಗಿನದನ್ನು ಮಾತಿನ ಚಾನೆಲ್‌ನಲ್ಲಿ ಪೂರ್ತಿ ಕತ್ತರಿಸಲು ಹೇಳಿ. ಸ್ಪೀಕರಿನಲ್ಲಿ ಒಂದೇ ಸಮ ಗುಂಯ್ ಬರುತ್ತಿದ್ದರೆ ಅದು ಹೆಚ್ಚಾಗಿ 50 ಹರ್ಟ್ಸ್ ಕರೆಂಟಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ವೈಫೈ, ಬ್ಲೂಟೂತ್, ಅಪ್‌ಡೇಟ್ ಎಲ್ಲ ಆಫ್.

ಮಾತಿನ ತುಣುಕುಗಳನ್ನೆಲ್ಲ ಕ್ರಮವಾಗಿ ಒಂದೇ ಫೈಲ್ ಮಾಡಿ ಫೋನಿನಲ್ಲಿಟ್ಟು, ಅದರ ತಂತಿಯನ್ನು ಮಿಕ್ಸರಿನ ಇನ್ನೊಂದು ಚಾನೆಲ್‌ಗೆ ಚುಚ್ಚಿಯೇ ಇಡಿ. ಲ್ಯಾಪ್‌ಟಾಪ್ ನಿಂತರೆ ಆ ಚಾನೆಲ್ ಮೇಲೇರಿಸಿ, ಪಿಟೀಲಿನವರಿಗೆ ಕಣ್ಣಲ್ಲೇ ಹೇಳಿ ಮುಂದುವರಿಯಬಹುದು. ಆ ಫೈಲಿನ ಜೊತೆಗೂ ಒಮ್ಮೆ ತಾಲೀಮು ಮಾಡಿರಬೇಕು.